ಅಮ್ಮನ ಆಮೆ, ಅಣ್ಣನ ಕೋತಿ

ಮನೆಯಿಂದ,
ಮಾರ್ಚ್ ಹತ್ತು, ಭಾನುವಾರ, ಊಟದ ನಂತರ

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಆಕಳಿಸುತ್ತಿರುವ ಮಹನೀಯರೇ, ಹಿಂದಿನ ಸಾಲಿನಲ್ಲಿ ಕಾಲಿನಿಂದಲೇ ಚಪ್ಪಲಿ ಹುಡುಕುತ್ತಿರುವ ಮಹಿಳೆಯರೇ! ‘ಗೃಹಕೃತ್ಯದಲ್ಲಿ ಲಿನಕ್ಸ್: ಸ್ವಾತಂತ್ರ್ಯವೋ ಸಂಕಟವೋ’ ಎಂಬ ವಿಷಯದ ಮೇಲೆ ಎರಡು ಮಾತಾಡಲು ನನ್ನನ್ನು ಯಾರೂ ಕರೆದಿಲ್ಲ. ಹಾಗಾಗಿ ಸಭೆಯನ್ನು ನಾನೇ ಕರೆದಿದ್ದೇನೆ. ಕೇಳುಗ ಒಬ್ಬನೇ, ಅವನೂ ದೂರದಲ್ಲಿದ್ದಾನೆ. ಚಪ್ಪಾಳೆಯ ಅಗತ್ಯವಿಲ್ಲ.

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟ ನೋವು ಇಳಿಯಿತೇ? ಅತ್ತಿಗೆಯ ಕೆಮ್ಮು? ನೀನು ಕಟ್ಟುತ್ತಿರುವ ಸೇತುವೆ ಆಚೆ ದಡ ಮುಟ್ಟಿತೋ ಇಲ್ಲ ಇನ್ನೂ ನಡುನೀರಿನಲ್ಲಿ ಯೋಚನೆ ಮಾಡುತ್ತಾ ನಿಂತಿದೆಯೋ? ನಾನು ಚೆನ್ನಾಗಿದ್ದೇನೆ, ಅಂದರೆ ಕಾಯಿಲೆ ಬೀಳಲು ಪುರಸೊತ್ತಿಲ್ಲ. ಮುದ್ರಣಾಲಯದಲ್ಲಿ ಶುಭಾಶಯ ಪತ್ರಗಳಿಗೆ ಪ್ರಾಸ ಹೊಸೆಯುವ ನನ್ನ ಕೆಲಸ ಹಾಗೇ ನಡೆದಿದೆ. ಮದುವೆಗೆ ನಾಲ್ಕು ಸಾಲು, ಮಗುವಿಗೆ ನಾಲ್ಕು ಸಾಲು, ಸತ್ತವರಿಗೆ ಎರಡೇ ಸಾಲು. ಅವರು ಓದುವುದಿಲ್ಲವಲ್ಲ. ಅಮ್ಮನ ಬಿ.ಪಿ. ಹಿಡಿತದಲ್ಲಿದೆ, ನಾಲಿಗೆ ಮಾತ್ರ ಇಲ್ಲ.

ಈಗ ಸುದ್ದಿಗೆ ಬರುತ್ತೇನೆ. ಹೋದ ಭಾನುವಾರ ನಾನು ಬಚ್ಚಲಲ್ಲಿದ್ದಾಗ ನಿನ್ನ ಫೋನ್ ಬಂತು, ಅಮ್ಮನೇ ಎತ್ತಿದಳು. ಯಾವಾಗಲೂ ನಾನು ಎತ್ತಿ, ಮಾತಾಡಿ, ಕೊನೆಗೆ ಅವಳ ಕಿವಿಗೆ ಹಿಡಿದು ಒಂದು ನಿಮಿಷದಲ್ಲಿ ಕಿತ್ತುಕೊಳ್ಳುತ್ತಿದ್ದೆ. ಈ ಸಲ ಅವಳಿಗೆ ನೀನು ಇಡಿಯಾಗಿ ಸಿಕ್ಕಿದೆ. "ನಿನ್ನೆ ಕೊನೇ ತಿರುವಲ್ಲಿ ಹಳ್ಳಕ್ಕೆ ಬಿದ್ಯಲ್ಲೋ, ನೋವಾಯ್ತಾ?" ಎಂದು ಅವಳು ನಗುತ್ತಿದ್ದದ್ದು ನನಗೆ ನೀರಿನ ಸದ್ದಿನಲ್ಲೂ ಕೇಳಿಸಿತು. ಸಂಜೆ ನೀನು ನನಗೆ ಬೇರೆ ಫೋನ್ ಮಾಡಿ ದನಿ ತಗ್ಗಿಸಿ ಹೇಳಿದೆ: "ಅಮ್ಮನಿಗೆ ಮರೆವು ಶುರುವಾಗಿದೆ ಕಣೇ. ಆ ಆಟ ಮುಟ್ಟಿ ನಾನು ಯಾವ ಕಾಲ ಆಯ್ತು! ನಿನ್ನೆ ನನ್ನ ಜೊತೆ ಆಡಿದೆ ಅಂತಾಳೆ. ಇಲ್ಲದ್ದೆಲ್ಲ ಕಾಣ್ತಿದೆ ಅವಳಿಗೆ." ಗುರುವಾರಕ್ಕೆ ಮರೆವಿನ ಡಾಕ್ಟರನ್ನು ನೀನೇ ಗೊತ್ತುಮಾಡಿದ್ದೀಯ, ಅಲ್ಲಿಂದಲೇ ವಿಡಿಯೋದಲ್ಲಿ ಕೂರುತ್ತೀಯಂತೆ. ಹಾಗೇ ಒಂದು ಜಾಗವನ್ನೂ ನೋಡಿಟ್ಟಿದ್ದೀಯ. "ವೃದ್ಧಾಶ್ರಮ ಅಲ್ಲ ಕಣೇ, ಆರೈಕೆ ಕೇಂದ್ರ." ಹೆಸರು ಬದಲಾಯಿಸಿದರೆ ಹಾಗಲಕಾಯಿ ಸಿಹಿಯಾಗುತ್ತದೆಯೇ? ಈ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಕಂಪ್ಯೂಟರಿನ ಕಥೆ ಮುಗಿಸುತ್ತೇನೆ, ಸಭೆ ಕರೆದದ್ದು ಅದಕ್ಕೇ ತಾನೇ.

ಹೋದ ವರ್ಷ ಅಮ್ಮನಿಗೆ ಲಕ್ವ ಹೊಡೆದು ಬಲಗೈ ಸೋತಾಗ ನೀನು ರಜೆ ಹಾಕಿ ಓಡಿ ಬಂದೆ, ಇಲ್ಲವೆನ್ನುವುದಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ "ಬೆರಳಿಗೆ ಏನಾದ್ರೂ ಕೆಲಸ ಕೊಡಿ" ಅಂದಳು. ನೀನು ಅದೇ ಮಧ್ಯಾಹ್ನ ಹಜಾರದ ಕಂಪ್ಯೂಟರನ್ನು ತೊಳೆದು, ಊರಿಗೆಲ್ಲ ಇರುವ ವ್ಯವಸ್ಥೆ ತೆಗೆದು, ನಿನ್ನ ಪ್ರೀತಿಯ ಲಿನಕ್ಸ್ ಹಾಕಿದೆ. ನನ್ನ ಪ್ರಾಸಗಳ ಕಡತವೂ ಆ ತೊಳೆಯುವಿಕೆಯಲ್ಲಿ ತೊಳೆದುಹೋಯಿತು, ಇರಲಿ, ಲೋಕಕ್ಕೆ ನಷ್ಟವಿಲ್ಲ. "ಇದರಲ್ಲಿ ಯಾರೂ ಯಜಮಾನರಿಲ್ಲಮ್ಮಾ. ಯಾರ ಮುಂದೂ ಕೈ ಒಡ್ಡಬೇಕಿಲ್ಲ. ಕೆಟ್ಟರೆ ನಾವೇ ಸರಿಮಾಡ್ಕೋಬಹುದು" ಎಂದು ನೀನು ಭಾಷಣ ಮಾಡಿದೆ. ಆ ‘ನಾವು’ ಯಾರು ಎಂಬುದು ನೀನು ಬಸ್ಸು ಹತ್ತಿದ ಮೇಲೆ ತಿಳಿಯಿತು.

ಅಮ್ಮನ ಬೆರಳಿಗೆಂದು ನೀನು ಅದರಲ್ಲಿ ಹಾಕಿಕೊಟ್ಟ ಆಟ ಚೆನ್ನಾಗಿಯೇ ಇತ್ತು. ಪ್ರಾಣಿಗಳು ಪುಟ್ಟ ಗಾಡಿ ಓಡಿಸುವ ಪಂದ್ಯ. ಅಮ್ಮ ಆಮೆಯನ್ನು ಆರಿಸಿಕೊಂಡು "ನನ್ನ ವೇಗಕ್ಕೆ ಇದೇ ಸರಿ" ಅಂದಳು. ನೀನು ಕೆಂಪು ಟೋಪಿಯ ಕೋತಿಯಾದೆ. ಇಂಟರ್ನೆಟ್ಟಿನ ಮೂಲಕ ಎಲ್ಲಿಂದ ಬೇಕಾದರೂ ಜೊತೆಯಾಗಿ ಆಡಬಹುದು ಎಂದು ತೋರಿಸಿ, "ದಿನಾ ಸಂಜೆ ಆರಕ್ಕೆ ಬರ್ತೀನಮ್ಮಾ, ಎಲ್ಲೇ ಇದ್ರೂ" ಅಂದೆ. ಬಂದೆ ಕೂಡ, ಕೆಲವು ದಿನ. ಆಮೇಲೆ ಕಾಂಕ್ರೀಟು ಸುರಿಯುವುದಿತ್ತು, ಆಮೇಲೆ ಸಿಗ್ನಲ್ ಇರಲಿಲ್ಲ, ಆಮೇಲೆ ಕಾರಣವೂ ಇರಲಿಲ್ಲ. ಪರದೆಯ ಮೇಲೆ ‘ಎದುರಾಳಿಗಾಗಿ ಕಾಯಲಾಗುತ್ತಿದೆ’ ಎಂಬ ಸಾಲು ಮಿಟುಕುತ್ತಿತ್ತು. ಅಮ್ಮ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು ಅದರ ಮುಂದೆ ಕೂರುತ್ತಿದ್ದಳು. ಆ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದಳು, ಬಸ್ಸಿನ ಬೋರ್ಡು ಓದಿದ ಹಾಗೆ. ನಾನು ಅಡುಗೆಮನೆಯಲ್ಲಿ ಅದನ್ನು ಕೇಳುತ್ತಾ ತರಕಾರಿ ಹೆಚ್ಚುತ್ತಿದ್ದೆ.

ಅಷ್ಟರಲ್ಲಿ ನಿನ್ನ ಸ್ವಾತಂತ್ರ್ಯ ಕೈಕೊಟ್ಟಿತು. ಏನೋ ಅಪ್‌ಡೇಟ್ ಕೇಳಿತು, ನಾನು ಹೂಂ ಅಂದೆ, ಮರುದಿನ ಪರದೆ ಕಪ್ಪು. ಪರದೆ ಕಪ್ಪು, ಯಾರದು ತಪ್ಪು? ನಿನಗೆ ಫೋನ್ ಮಾಡಿದರೆ "ಸುಲಭ ಕಣೇ, ಟರ್ಮಿನಲ್ ತೆಗೆದು ಎರಡು ಸಾಲು ಕಮ್ಯಾಂಡ್ ಹೊಡಿ" ಅಂದೆ. ಯಾವ ಎರಡು ಸಾಲು ಎಂದು ಕೇಳುವಷ್ಟರಲ್ಲಿ ಯಾರೋ ನಿನ್ನನ್ನು ಕರೆದರು. ಕನ್ನಡದಲ್ಲೇ ಓದಿ ಪದವಿ ಪಡೆದ ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನ ಕೈಪಿಡಿಗೆ ಅರ್ಥ ಬರೆದೆ. ಜಾಲತಾಣದ ವೇದಿಕೆಯಲ್ಲಿ ಸಹಾಯ ಕೇಳಿದರೆ ಒಬ್ಬ ಮಹಾಶಯ "ಮೊದಲು ಕೈಪಿಡಿ ಓದಿ" ಎಂದು ಹರಸಿದ. ಓದಿದ್ದೇನಪ್ಪಾ, ನಿನಗಿಂತ ಹೆಚ್ಚು ಓದಿದ್ದೇನೆ, ತಪ್ಪಿದ ವಾಕ್ಯಗಳನ್ನು ತಿದ್ದಿಯೂ ಕೊಡಬಲ್ಲೆ!

ಅಂತೂ ಪರದೆಗೆ ಬೆಳಕು ತಂದೆ. ಇನ್ನೊಂದು ಅಪ್‌ಡೇಟಿನ ನಂತರ ಅಮ್ಮನ ಕೈಯಲ್ಲಿದ್ದ ಆಟದ ಗುಂಡಿಗಳು ಅದಲು ಬದಲಾದವು. ಎಡಕ್ಕೆ ಒತ್ತಿದರೆ ಬಲಕ್ಕೆ, ಬಲಕ್ಕೆ ಒತ್ತಿದರೆ ಎಡಕ್ಕೆ. ಅವಳು ಯಾರಿಗೂ ಹೇಳಲಿಲ್ಲ. ಎದುರಾಳಿಯಿಲ್ಲದೆ ಅವಳೊಬ್ಬಳೇ ಓಡಿಸುತ್ತಿದ್ದ ಆಮೆ ದಿನವೂ ಗೋಡೆಗೆ ಗುದ್ದುತ್ತಿತ್ತು. ಒಂದು ದಿನ ಕಾಫಿ ಕೊಡಲು ಹೋದರೆ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಅಳುತ್ತಿದ್ದಳು. "ನಾನು ಹೇಳಿದ ಕಡೆ ಹೋಗಲ್ಲ ಕಣೇ ಈ ಕೈ. ಮತ್ತೆ ಲಕ್ವ ಹೊಡೀತೇನೋ." ನಾನು ಆಟದ ಒಂದು ಕಡತದಲ್ಲಿ ಒಂದೇ ಒಂದು ಅಂಕಿ ತಿದ್ದಿದೆ, ಕೈ ವಾಸಿಯಾಯಿತು. ಆಗ ಅವಳು ಕಣ್ಣೊರೆಸಿಕೊಂಡು ಹೇಳಿದ್ದೇನು ಗೊತ್ತೇ? "ನೋಡಿದ್ಯಾ, ದೊಡ್ಡವನು ಅಲ್ಲಿಂದಲೇ ಸರಿಮಾಡ್ದ." ಹಾಕಿದವನಿಗೆ ಹಾರ, ಹೊತ್ತವಳಿಗೆ ಭಾರ. ಈ ಸಾಲನ್ನು ಯಾವ ಶುಭಾಶಯ ಪತ್ರಕ್ಕೂ ಹಾಕಲಾಗಲಿಲ್ಲ.

ನಾನೂ ಅವಳ ಜೊತೆ ಆಡಲು ನೋಡಿದೆ ಅಣ್ಣಾ. ಒಂದು ಸಂಜೆ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಇಲಿಯಾಗಿ ಗಾಡಿ ಹತ್ತಿದೆ. ಅರ್ಧ ಸುತ್ತಿಗೇ ಅವಳು ಕೈಬಿಟ್ಟಳು. "ನಿನ್ನ ಜೊತೆ ಏನು ಆಡೋದು, ನೀನು ಇಲ್ಲೇ ಇದ್ದೀಯಲ್ಲ." ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಅದನ್ನು ಅಕ್ಕರೆಯಿಂದಲೇ ಹೇಳಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲ ಗಿಡಕ್ಕೆ ಅದು ಕೇಳಿಸುತ್ತದೆ ಎಂಬುದನ್ನು ಮಾತ್ರ ಯಾರೂ ಅನ್ನುವುದಿಲ್ಲ. ನಾನು ಎದ್ದು ಒಳಗೆ ಹೋಗಿ ಹಿಟ್ಟು ಕಲಸಿದೆ. ಅದಾದ ಎರಡು ದಿನಕ್ಕೆ, ಅಟ್ಟದ ಮೇಲೆ ನೀನು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪನ್ನು ಇಳಿಸಿ, ಧೂಳು ಹೊಡೆದು, ಅದಕ್ಕೂ ನಿನ್ನ ಲಿನಕ್ಸನ್ನೇ ಹಾಕಿದೆ. ಯಾಕೆ ಎಂದು ಈಗಲೇ ಕೇಳಬೇಡ. ಅದು ಅಡುಗೆಮನೆಯ ಕಟ್ಟೆಯ ಮೇಲೆ, ಕುಕ್ಕರಿನ ಪಕ್ಕದಲ್ಲಿರುತ್ತದೆ. "ಒಳಗೇನೇ ಅದು ಟಕಟಕ? ಅಣ್ಣನ ಜೊತೆ ಆಡ್ತಿದೀನಿ, ಸದ್ದು ಮಾಡ್ಬೇಡ" ಎಂದು ಅಮ್ಮ ಆಗಾಗ ಗದರುತ್ತಾಳೆ. ಆಫೀಸಿನ ಕೆಲಸ ಎಂದಿದ್ದೇನೆ.

ಇನ್ನು ಅವಳ ಮರೆವಿನ ವಿಷಯ. ನಾನು ಕಂಡದ್ದನ್ನು ಹೇಳುತ್ತೇನೆ, ತೀರ್ಪು ನಿನ್ನದು. ಮೂರನೇ ಮಹಡಿಯ ದರ್ಜಿ ನಮ್ಮ ಛತ್ರಿ ಒಯ್ದದ್ದು ನನಗೆ ಮರೆತಿತ್ತು, ಅವಳಿಗಿಲ್ಲ. ನಿನ್ನ ಮದುವೆಯಲ್ಲಿ ಅತ್ತಿಗೆಯ ಸೋದರಮಾವ ಊಟಕ್ಕೆ ಕೂರದೆ ಹೋದದ್ದು ಅವಳಿಗೆ ನೆನಪಿದೆ, ಎಲೆಯ ಮೇಲೆ ಏನೇನು ಬಿಟ್ಟಿದ್ದರು ಎಂಬುದರ ಸಮೇತ. ಕೂರಲೇ ಇಲ್ಲವಲ್ಲಮ್ಮಾ ಅಂದರೆ, "ಬಡಿಸಿದ ಮೇಲೆ ಎದ್ದು ಹೋದದ್ದು, ನಿನಗೆ ಮರೆವು" ಎಂದು ನನ್ನನ್ನೇ ತಿದ್ದಿದಳು. ಮೊನ್ನೆ ಅವಳು ಹೇಳಿದ ಒಂದು ಮಾತನ್ನು ಡಾಕ್ಟರಿಗೆ ಹೇಳಬೇಕೋ ಬೇಡವೋ ತಿಳಿಯದೆ ಕೂತಿದ್ದೇನೆ: "ವಿಚಿತ್ರ ನೋಡು, ನಿನ್ನ ಕುಕ್ಕರ್ ಕೂಗಿದಾಗಲೇ ನಿಮ್ಮಣ್ಣ ಹಳ್ಳಕ್ಕೆ ಬೀಳ್ತಾನೆ." ಹೇಳಿ ನನ್ನ ಮುಖ ನೋಡಿದಳು. ನಾನು ಒಲೆ ಒರೆಸಿದೆ.

ಸಭೆ ಮುಗಿಯಿತು. ವಂದನಾರ್ಪಣೆಯನ್ನೂ ನಾನೇ ಮಾಡುತ್ತೇನೆ, ಬೇರೆ ಯಾರಿದ್ದಾರೆ? ಅತ್ತಿಗೆಗೆ ಬಿಸಿನೀರು ಕುಡಿಯಲು ಹೇಳು, ಮಕ್ಕಳಿಗೆ ಅತ್ತೆಯ ನೆನಪು ಮಾಡು. ನೀರಿನ ಮೇಲೆ ಓಡಾಡುವಾಗ ಹುಷಾರು. ಅಮ್ಮನ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ, ಅದನ್ನು ನಾನು ಬೇರೆ ಕಳಿಸಬೇಕಾಗಿಲ್ಲ.

ಇಂತಿ,
ಇಲ್ಲೇ ಇರುವ
ನಿನ್ನ ತಂಗಿ

ತಾ.ಕ.: ಅಮ್ಮ ಮಧ್ಯಾಹ್ನದ ನಿದ್ದೆಯಿಂದ ಎದ್ದಳು, ತಲೆ ಬಾಚಿಕೊಳ್ಳುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಗುರುವಾರದ ಡಾಕ್ಟರನ್ನು ರದ್ದು ಮಾಡು. ಮಾಡದಿದ್ದರೆ ಅವರು "ನಿನ್ನೆ ಸಂಜೆ ಏನು ಮಾಡಿದ್ರಿ ಅಮ್ಮಾ?" ಎಂದು ಕೇಳುತ್ತಾರೆ, "ಮಗನ ಜೊತೆ ಗಾಡಿ ಓಡಿಸಿದೆ" ಎಂದು ಅವಳು ನಿಜವನ್ನೇ ಹೇಳುತ್ತಾಳೆ, ನೀನು ವಿಡಿಯೋದಲ್ಲಿ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತೀಯ. ಅಷ್ಟು ಸಾಕು ಅವಳನ್ನು ಆ ಕೇಂದ್ರಕ್ಕೆ ಸೇರಿಸಲು. ಇನ್ನು ಮುಂದೆ ಅವಳು "ನಿನ್ನೆ ಚೆನ್ನಾಗಿ ಸೋತೆ ಕಣೋ" ಅಂದರೆ "ಹೌದಮ್ಮಾ" ಅನ್ನು, ಅಷ್ಟೇ. ನೀನು ಆಡಬೇಕಾಗಿಲ್ಲ, ಹೌದು ಅಂದರೆ ಸಾಕು. ಅವಳಿಗೆ ಇಲ್ಲದ್ದು ಯಾವುದೂ ಕಾಣುತ್ತಿಲ್ಲ ಅಣ್ಣಾ. ಕೋತಿ ದಿನವೂ ಬರುತ್ತದೆ, ಆರಕ್ಕೆ ಸರಿಯಾಗಿ, ಕೆಂಪು ಟೋಪಿ ಹಾಕಿಕೊಂಡು, ನಿನ್ನ ಹೆಸರಿನಲ್ಲಿ, ಅಡುಗೆಮನೆಯಿಂದ. ಕುಕ್ಕರ್ ಕೂಗಿದರೆ ಎದ್ದು ಆರಿಸಬೇಕಾಗುತ್ತದೆ, ಅದಕ್ಕೇ ಹಳ್ಳಕ್ಕೆ ಬೀಳುತ್ತದೆ. ಕೋತಿ ನಾನು.