ಬಿಸಿಲಿನ ಪೆಟ್ಟಿಗೆಯ ಪಕ್ಕ ಕೂತವಳು

೨೧ ಆಗಸ್ಟ್ ೨೦೦೮, ಗುರುವಾರ

ನೀರು ಬೇಗ ಬಂತು, ಬೇಗ ನಿಂತಿತು. ಎರಡು ಬಕೆಟ್ ಅಷ್ಟೇ. ತಿಂಡಿಗೆ ಅವಲಕ್ಕಿ. ಇವರು ಟೆರೇಸಿನಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು, ಕರೆದರೂ ಬರಲಿಲ್ಲ. ಅವಲಕ್ಕಿ ಆರಿ ಗಟ್ಟಿಯಾಯಿತು.

ಪೆಟ್ಟಿಗೆ ಅಂದರೆ ಸೋಲಾರ್ ಪೆಟ್ಟಿಗೆ. ದಿಲ್ಲಿಯ ಬವಾನಾದ ವರ್ಕ್‌ಶಾಪಿನಲ್ಲಿ ಇವರು ಜೋಡಿಸುವುದು ಅದನ್ನೇ. ಸೂಟ್‌ಕೇಸಿನ ಹಾಗೆ ಹಿಡಿ ಇದೆ. ತೆರೆದರೆ ಮಡಚಿದ ಪ್ಯಾನೆಲ್, ಬ್ಯಾಟರಿ, ಎರಡು ದೀಪ, ಮೊಬೈಲ್ ಚಾರ್ಜಿಗೆ ವೈರುಗಳ ಗೊಂಚಲು. ಬಿಹಾರದಲ್ಲಿ ಕೋಸಿ ನದಿಯ ಕಟ್ಟೆ ಒಡೆದಿದೆ. ಊರಿಗೆ ಊರೇ ನೀರಿನಲ್ಲಿ. ಕರೆಂಟ್ ಇಲ್ಲ. ಪೆಟ್ಟಿಗೆಗಳು ಅಲ್ಲಿಗೆ ಹೋಗುತ್ತವೆ. ಇವರೂ ಹೋಗುತ್ತಾರೆ.

"ಬಾ ಇಲ್ಲಿ, ನೀನೂ ಕಲ್ತ್ಕೊ," ಅಂದರು. "ಬೆಳಿಗ್ಗೆ ಸೂರ್ಯನ ಕಡೆ ತಿರುಗಿಸ್ಬೇಕು. ಆಮೇಲೆ ಅವನು ಹೋದ ಕಡೆ ಇದೂ ಹೋಗ್ಬೇಕು. ಅಷ್ಟೇ."

ಪಕ್ಕದ ಟೆರೇಸಿನಲ್ಲಿ ಜನ ಇದ್ದರು. ನಾಚಿಕೆ. ಶಾಕ್ ಹೊಡೆದರೆ ಅಂತ ಭಯವೂ. ಬಾಗಿಲಲ್ಲೇ ನಿಂತೆ. ಮತ್ತೆ ಕರೆಯಲಿಲ್ಲ.

೨೩ ಆಗಸ್ಟ್

ಹೊರಟರು. ಎರಡು ವಾರ ಅಂತೆ. ಆಟೋದಲ್ಲಿ ಒಂದು ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡರು, ಕುಲುಕಬಾರದು ಅಂತ. ಮದುವೆಯಾಗಿ ದಿಲ್ಲಿಗೆ ಬಂದ ದಿನ ನನ್ನ ಟ್ರಂಕನ್ನು ಆಟೋದ ಹಿಂದೆ ಹಗ್ಗದಲ್ಲಿ ಕಟ್ಟಿದ್ದರು... ನೆನಪಾಯಿತು, ಬರೆದೆ.

ರಿಪೇರಿಗೆ ಬಂದ ಒಂದು ಪೆಟ್ಟಿಗೆ ಮಂಚದ ಕೆಳಗೆ ಉಳಿದಿದೆ. ರೂಮಿನಲ್ಲಿ ಅದು ಮತ್ತು ನಾನು.

೨೭ ಆಗಸ್ಟ್

ಮಧ್ಯಾಹ್ನ ಸ್ಫೂರ್ತಿ ಮೆಟ್ಟಿಲ ಕೆಳಗಿನಿಂದ ಕೂಗಿದಳು. "ಆಂಟೀ, ಜಲ್ದೀ ಬನ್ನಿ, ಅಂಕಲ್‌ದು ಫೋನ್ ಆಯಾ!" ಮನೆ ಓನರ್ ಕೇಶವಮೂರ್ತಿಯವರ ಮಗಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಧ, ಹಿಂದಿ ಅರ್ಧ. ಅವರ ಹಾಲಿನಲ್ಲಿರುವ ಫೋನೇ ನನಗೂ ಫೋನು. ಅವಳ ತಾಯಿ ಲೀಲಮ್ಮನವರು ಅಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದರು. ಏನು ಮಾತಾಡುವುದು? ಹ್ಞೂಂ, ಹ್ಞೂಂ ಅಂದೆ.

ಇವರೇ ಹೇಳಿದರು. ಸಹರ್ಸಾ ಹತ್ತಿರ ಒಂದು ಶಾಲೆಯಲ್ಲಿ ಶಿಬಿರ. ಡಾಕ್ಟರ ಕೋಣೆಗೆ ಒಂದು ದೀಪ, ಹೆಂಗಸರ ಕಡೆಗೆ ಒಂದು. ಹಗಲೆಲ್ಲ ಮೊಬೈಲ್ ಚಾರ್ಜಿಗೆ ಜನ ಮುತ್ತುತ್ತಾರೆ. ಪೆಟ್ಟಿಗೆ ನೋಡಿಕೊಳ್ಳಲು ಸುನೈನಾ ಅಂತ ಒಬ್ಬಳು ಸಿಕ್ಕಿದ್ದಾಳೆ.

"ಒಂದೇ ದಿನಕ್ಕೆ ಕಲಿತುಬಿಟ್ಲು ಕಣೇ. ನಾನು ಹೇಳೋ ಮೊದ್ಲೇ ಪ್ಯಾನೆಲ್ ತಿರುಗ್ಸಿರ್ತಾಳೆ."

ನಿನಗೆ ಬರಲಿಲ್ಲ ಅಂತ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಸುನೈನಾ. ಬರೆಯುವುದಕ್ಕೂ ಚೆನ್ನಾಗಿದೆ ಹೆಸರು.

೩೦ ಆಗಸ್ಟ್, ಸಂಜೆ

ನೀನು ಫೋನ್ ಮಾಡಬೇಡ, ರೋಮಿಂಗ್ ಅಂತ ಹೇಳಿ ಹೋಗಿದ್ದಾರೆ. ಆದರೂ ತಡೆಯಲಾಗಲಿಲ್ಲ. ಲೀಲಮ್ಮನವರ ಮುಂದೆ ಆಗುವುದಿಲ್ಲ. ತರಕಾರಿಗೆ ಅಂತ ಹೇಳಿ ರೋಹಿಣಿ ಮಾರ್ಕೆಟ್ಟಿನ ಎಸ್‌ಟಿಡಿ ಬೂತಿಗೆ ಹೋದೆ. ನಂಬರ್ ಬರೆದ ಚೀಟಿ ಬೂತಿನ ಭಯ್ಯಾನ ಕೈಗೆ ಕೊಟ್ಟೆ. ಅವನೇ ಒತ್ತಿದ. ಪೂರ್ತಿ ಒಂದು ರಿಂಗೂ ಆಗಲಿಲ್ಲ, ಎತ್ತಿದರು.

ಹೆಂಗಸಿನ ದನಿ.

ಇವರ ಹೆಸರಿಗೆ ಜೀ ಸೇರಿಸಿ, ಅವರು ಇಲ್ಲ ಅಂದಳು. ಎಷ್ಟು ಸಲೀಸಾಗಿ ಅಂದಳು! ನಾನು ಇವತ್ತಿನವರೆಗೂ ಬಾಯಲ್ಲಿ ತಂದಿಲ್ಲ ಆ ಹೆಸರು. ಈ ಡೈರಿಯಲ್ಲೂ ಬರೆದಿಲ್ಲ. ಯಾರು, ಯಾರು ಬೇಕಿತ್ತು ಅಂತ ಕೇಳಿದಳು. ಹೇಳುವುದಾದರೆ ಇವರ ಹೆಸರು ಹೇಳಬೇಕು. ಇಟ್ಟುಬಿಟ್ಟೆ.

ತರಕಾರಿ ತರುವುದು ಮರೆತೆ.

೨ ಸೆಪ್ಟೆಂಬರ್, ಗೌರಿ ಹಬ್ಬ

ಮದುವೆಯಾದ ಮೇಲೆ ಮೊದಲ ಗೌರಿ. ಲೀಲಮ್ಮನವರೇ ಬಾಗಿನ ಕೊಟ್ಟರು. ಲೋಧಿ ಕಾಲೋನಿಯಿಂದ ಅವರ ತಂಗಿ ಸರಳಾ ಬಂದಿದ್ದರು. ಗಂಡನ ಹೆಸರು ಹೇಳದಿದ್ದರೆ ಅರಿಶಿನ ಕುಂಕುಮ ಇಲ್ಲ ಅಂತ ಕಾಡಿದರು. ತಲೆ ತಗ್ಗಿಸಿ ಕೂತೆ. ಮದುವೆಯಲ್ಲೂ ಹೀಗೇ ಕೂತು ಎಲ್ಲರನ್ನೂ ಸೋಲಿಸಿದ್ದೆ. ನಮ್ಮ ಮನೆಯಲ್ಲಿ ಅಜ್ಜಿ ಹೇಳುತ್ತಿರಲಿಲ್ಲ, ಅಮ್ಮ ಹೇಳುತ್ತಿರಲಿಲ್ಲ.

"ನಮ್ಮ ಇಂದಿರಾನ ಪೋಲೀಸ್‌ನೋರು ಹೊಡೆದು ಕೇಳಿದ್ರೂ ಗಂಡನ ಹೆಸರು ಸಿಕ್ಕಲ್ಲ ಬಿಡು," ಅಂದರು ಲೀಲಮ್ಮನವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಬೇರೆಯೇ ಉರಿಯುತ್ತಿತ್ತು. ಅಲ್ಲೊಬ್ಬಳು ಬೆಳಗಿನಿಂದ ಸಂಜೆಯವರೆಗೆ ಅದೇ ಹೆಸರು ಕರೆಯುತ್ತಿರುತ್ತಾಳೆ.

ಸಂಜೆ ಬೂತಿಗೆ ಹೋದೆ. ಅವಳೇ ಎತ್ತಿದಳು.

೪ ಸೆಪ್ಟೆಂಬರ್

ಇವತ್ತೂ ಅವಳೇ. ಹಿಂದೆ ಮಕ್ಕಳ ಗಲಾಟೆ. ನಾನು ಸುಮ್ಮನಿದ್ದೆ. ಅವಳು ದನಿ ತಗ್ಗಿಸಿ —

"ಬೋಲಿಏ ನಾ... ಖಾನಾ ಖಾಯಾ?"

ಮಾತಾಡಿ, ಊಟ ಆಯಿತಾ ಅಂತೆ! ನನ್ನ ಗಂಡನ ಫೋನ್ ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ಕೇಳುತ್ತಾಳೆ. ಹೆಂಡತಿ ಅಂತ ಗೊತ್ತಾಗಿದೆ, ಆಡಿಸುತ್ತಿದ್ದಾಳೆ. ರಿಸೀವರ್ ಕುಕ್ಕಿದೆ.

ಬೂತಿನ ಭಯ್ಯಾ ಹಲ್ಲು ಬಿಟ್ಟ. ಭಾಭೀಜೀ ದುಡ್ಡು ಕೊಟ್ಟು ಸುಮ್ಮನಿರುವುದನ್ನು ಎಲ್ಲಿ ಕಲಿತಿರಿ ಅಂತ ಅವನ ಹಿಂದಿಯಲ್ಲಿ ಏನೋ ಅಂದ.

೫ ಸೆಪ್ಟೆಂಬರ್

ಇವರ ಫೋನ್ ಬಂತು, ಲೀಲಮ್ಮನವರ ಹಾಲಿಗೆ. ಇನ್ನೂ ಒಂದು ವಾರ ಇರಬೇಕಂತೆ. ಸಂಜೆ ಹೊತ್ತು ದೋಣಿಯಲ್ಲಿ ಇನ್ನೊಂದು ಶಿಬಿರಕ್ಕೆ ಹೋಗುತ್ತಾರಂತೆ. ನೀರಿಗೆ ಬಿದ್ದರೆ ಅಂತ ಫೋನನ್ನು ಶಾಲೆಯಲ್ಲೇ ಚಾರ್ಜಿಗಿಟ್ಟು ಹೋಗುವುದಂತೆ. ನಾನು ಕೇಳಿರಲೇ ಇಲ್ಲ, ತಾವಾಗಿಯೇ ಹೇಳಿದರು. ಕೇಳದೆ ಯಾಕೆ ಹೇಳಬೇಕು?

"ಯಾಕೆ ಹೀಗ್ ಮಾತಾಡ್ತೀಯಾ? ಹುಷಾರಿಲ್ವಾ?"

"ಇದೀನಿ."

ಆಮೇಲೆ ಕೇಶವಮೂರ್ತಿಯವರನ್ನು ಕೇಳಿದೆ, ತಿಪಟೂರಿಗೆ ಅಣ್ಣನ ಮನೆಗೆ ಹೋಗಬೇಕು, ಟಿಕೆಟ್ ತೆಗೆಸಿಕೊಡುತ್ತೀರಾ ಅಂತ. ಗೋಡೆ ನೋಡಿಕೊಂಡು ಕೇಳಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿದರು. ಹೇಳಿದ್ದೀಯೇನಮ್ಮ ಅವನಿಗೆ ಅಂದರು. ಹ್ಞೂಂ ಅಂದೆ. ಸುಳ್ಳು.

ಇವರು ಬರುವ ಹೊತ್ತಿಗೆ ನಾನು ಇಲ್ಲಿ ಇರುವುದಿಲ್ಲ.

೬ ಸೆಪ್ಟೆಂಬರ್

ಹೋದೆ. ಅವಳೇ. ಅಳುತ್ತಿದ್ದಳೋ, ನೆಗಡಿಯೋ. ಬೇಗ ಬೇಗ ಏನೋ ಹೇಳಿದಳು, ಅರ್ಥವಾಗಲಿಲ್ಲ. ಗುಸ್ಸಾ ಅಂದದ್ದು ಮಾತ್ರ ಅರ್ಥವಾಯಿತು. ಕೋಪ. ಹೌದು, ಕೋಪವೇ. ಗೊತ್ತಾಗಲಿ.

೭ ಸೆಪ್ಟೆಂಬರ್, ಭಾನುವಾರ

ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಪಕ್ಕದ ಟೆರೇಸಿನವರು ನೋಡಿದರೆ ನೋಡಲಿ. ಅವಳಿಗೆ ಒಂದು ದಿನ ಸಾಕಾಯಿತಂತೆ, ನಾನೇನು ಕಡಿಮೆ. ಪ್ಯಾನೆಲ್ ಬಿಡಿಸಿ ಒರೆಸಿದೆ. ಬಿಸಿಲು ಹೋದ ಕಡೆಗೆಲ್ಲ ತಿರುಗಿಸಿದೆ. ಅನ್ನ ಸೀದಿತು. ನೀರಿನ ಟ್ಯಾಂಕಿನ ನೆರಳು ಒಂದು ಮೂಲೆಗೆ ಬಿದ್ದರೂ ಹಸಿರು ದೀಪ ಆರುತ್ತದೆ, ಸರಿಸಿದರೆ ಹತ್ತುತ್ತದೆ. ಶಾಕ್ ಗೀಕ್ ಏನೂ ಇಲ್ಲ.

ಸಂಜೆ ಸೆಕ್ಟರ್ ಪೂರ್ತಿ ಕರೆಂಟ್ ಹೋಯಿತು. ಸ್ವಿಚ್ ಹಾಕಿದೆ. ಒಂದು ದೀಪ ಕೆಟ್ಟಿದೆ, ಇನ್ನೊಂದು ಹತ್ತಿತು! ಲೀಲಮ್ಮನವರು ಮೇಲೆ ಬಂದು ಅಚ್ಛಾ, ನೀನೇ ಮಾಡಿದ್ಯಾ ಅಂದರು. ಖುಷಿ ಆಯಿತು. ಯಾರಿಗೆ ಹೇಳಲಿ? ಹೇಳಬೇಕಾದವರ ಫೋನ್ ಎತ್ತುವವಳು ಅವಳು.

೯ ಸೆಪ್ಟೆಂಬರ್

ಹೇಗೆ ಬರೆಯಲಿ.

ಬೆಳಿಗ್ಗೆ ಇವರ ಫೋನ್ ಬಂತು. ದನಿ ಬೇರೆ ಥರ ಇತ್ತು. ನಿನ್ನಿಂದ ಒಂದು ಕೆಲಸ ಆಗಬೇಕು ಅಂದರು.

ಸುನೈನಾಳ ಗಂಡ ದಿಲ್ಲಿಯಲ್ಲಿ ಕೂಲಿ. ದಿಲ್ಲಿಯಲ್ಲಿ ಎಲ್ಲಿ ಅಂತ ಅವಳಿಗೆ ಗೊತ್ತಿಲ್ಲ. ಅವನು ಫೋನ್ ಮಾಡುತ್ತಿದ್ದದ್ದು ಪಕ್ಕದ ಮನೆಯವರ ಮೊಬೈಲಿಗೆ. ಅದು ನೀರುಪಾಲು. ಅವಳು ಬದುಕಿದ್ದಾಳೋ ಇಲ್ಲವೋ ಅವನಿಗೂ ಗೊತ್ತಿಲ್ಲ. ದಿಲ್ಲಿಗೆ ಹೊರಟ ಊರಿನವನೊಬ್ಬನ ಕೈಯಲ್ಲಿ ಇವರ ನಂಬರ್ ಕಳಿಸಿದ್ದಳು. ಅದಕ್ಕೇ ಈ ಫೋನ್ ರಿಂಗಾದರೆ ಓಡಿ ಎತ್ತುತ್ತಾಳಂತೆ.

"ಫೋನ್ ಬರ್ತಿದೆ ಕಣೇ, ದಿಲ್ಲಿ ನಂಬರಿಂದ. ಅವನು ಮಾತಾಡಲ್ಲ. ಸುಮ್ನೆ ಇದ್ದು ಇಟ್ಬಿಡ್ತಾನೆ. ಹಸು ಮುಳುಗಿಹೋಯ್ತು, ಅದಕ್ಕೆ ಗಂಡನಿಗೆ ಕೋಪ ಅಂತಾಳೆ ಇವ್ಳು. ನಾನು ಆ ನಂಬರಿಗೆ ವಾಪಸ್ ಮಾಡ್ದೆ. ಯಾರೋ ಬೂತ್‌ನೋನು ಎತ್ತಿ ರೋಹಿಣಿ ಮಾರ್ಕೆಟ್ ಅಂದ, ಅಷ್ಟರಲ್ಲಿ ಬ್ಯಾಲೆನ್ಸ್ ಮುಗೀತು. ನಮ್ಮ ಮಾರ್ಕೆಟ್ಟೇ ಇರ್ಬೇಕು. ಹೋಗಿ ಕೇಳ್ತೀಯಾ, ಯಾರವನು ಅಂತ?"

ಲೀಲಮ್ಮನವರು ನನ್ನ ಮುಖ ನೋಡಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

ಸುನೈನಾಳ ಅಣ್ಣ ಕರೆದುಕೊಂಡು ಹೋಗಲು ಬಂದಿದ್ದನಂತೆ. ಅವನ ಊರಿಗೆ ನೀರು ಬಂದಿಲ್ಲ. ಅವಳ ಮಗುವಿಗೆ ಜ್ವರ ಬಿಡುತ್ತಿಲ್ಲ, ಶಿಬಿರದಲ್ಲಿ ಇಡಬೇಡ ಅಂತ ಡಾಕ್ಟರೂ ಹೇಳಿದ್ದಾರೆ. ಅವಳು ಹೋಗಲಿಲ್ಲ. ಅಲ್ಲಿ ಟವರ್ ಇಲ್ಲ, ನಮ್ಮವರು ಇವತ್ತಲ್ಲ ನಾಳೆ ಮಾತಾಡುತ್ತಾರೆ ಅಂತ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದಾಳೆ. ನಾಳಿದ್ದು ಬೆಳಿಗ್ಗೆ ಅಣ್ಣ ಮತ್ತೆ ದೋಣಿ ತರುತ್ತಾನೆ. ಅದೇ ಕೊನೆಯ ಸಲ.

ಊಟ ಆಯಿತಾ ಅಂತ ಅವಳು ಕೇಳಿದ್ದು ಗಂಡನನ್ನು.

೧೦ ಸೆಪ್ಟೆಂಬರ್, ಬೆಳಿಗ್ಗೆ

ಬೂತಿನ ಭಯ್ಯಾನ ಕೈಯಲ್ಲಿ ಹೇಳಿಸಿಬಿಡೋಣ ಅಂತ ಒಂದು ಯೋಚನೆ. ನಾನು ನಿನ್ನ ಗಂಡನ ಸ್ನೇಹಿತ, ಅವನು ಚೆನ್ನಾಗಿದ್ದಾನೆ, ನೀನು ಅಣ್ಣನ ಜೊತೆ ಹೋಗು ಅಂತ. ಅವಳು ಹೋಗುತ್ತಾಳೆ. ಮಗು ಉಳಿಯುತ್ತದೆ. ಇವರಿಗೂ ತಿಳಿಯುವುದಿಲ್ಲ. ಎಲ್ಲರಿಗೂ ಒಳ್ಳೆಯದು.

ಆದರೆ ಅವಳು ಅಲ್ಲಿ ಹೋಗಿ ಮತ್ತೆ ಕಾಯುತ್ತಾಳೆ. ಚೆನ್ನಾಗಿದ್ದಾನೆ ಅಂತ ನಂಬಿ, ಹುಡುಕಿಸುವುದನ್ನೂ ಬಿಡುತ್ತಾಳೆ.

ನಿಜ ಹೇಳಿದರೆ? ಇವರಿಗೆ ತಿಳಿಯುತ್ತದೆ. ನಿನ್ನನ್ನು ನಂಬಿ ಬಿಟ್ಟು ಹೋದರೆ ಕಳ್ಳಿಯ ಹಾಗೆ ಕಿವಿ ಇಟ್ಟಿದ್ದೆಯಾ ಅಂತ ಕೇಳಿದರೆ ಏನು ಹೇಳಲಿ. ಕೇಳದೆಯೂ ಇರಬಹುದು. ಟೆರೇಸಿನಲ್ಲಿ ಆದ ಹಾಗೆ, ಮತ್ತೆ ಕರೆಯದೆಯೇ ಇರಬಹುದು. ಅದೇ ಹೆಚ್ಚು ಭಯ.

ಅದೇ ದಿನ, ಸಂಜೆ

ಕೇಶವಮೂರ್ತಿಯವರಿಗೆ ಟಿಕೆಟ್ ಬೇಡ ಅಂದೆ. ಇನ್ನೂ ತೆಗೆಸೇ ಇಲ್ಲಮ್ಮ ಅಂದರು, ಪೇಪರಿನಿಂದ ತಲೆ ಎತ್ತದೆ.

ಹೊಟ್ಟೆಕಿಚ್ಚು ಹೋಗಿದೆಯಾ ಅಂದರೆ, ಇಲ್ಲ. ಅವಳು ಇವರ ಹೆಸರು ಕರೆಯುವುದು ಈಗಲೂ ಕಿವಿಯಲ್ಲಿ ಚುಚ್ಚುತ್ತದೆ. ಗಂಡ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆಯೂ ಊಟ ಆಯಿತಾ ಅಂತ ಕೇಳಿದಳಲ್ಲ, ಅದಕ್ಕೂ ಹೊಟ್ಟೆಕಿಚ್ಚು. ಇವರು ಎಲ್ಲಿದ್ದಾರೆ ಅಂತ ಗೊತ್ತಿದ್ದೂ ನಾನು ಒಂದು ದಿನವೂ ಕೇಳಲಿಲ್ಲ.

ಬೂತ್ ತೆರೆದಿರುತ್ತದೆ. ಕರೆಂಟ್ ಹೋಗಿದೆ, ಪೆಟ್ಟಿಗೆಯ ದೀಪದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಹೋಗಿ ಮತ್ತೆ ಇಟ್ಟುಬಿಡಬಾರದು. ಫೋನ್ ಮಾಡುತ್ತಿದ್ದದ್ದು ನಿನ್ನ ಗಂಡನಲ್ಲ, ನಾನು, ನೀನು ಅಣ್ಣನ ಜೊತೆ ಹೋಗು ಅಂತ ಹೇಳಬೇಕು, ಅದನ್ನು ಮೊದಲು ಇಲ್ಲೇ ಹಿಂದಿಯಲ್ಲಿ ಬರೆದುಕೊಳ್ಳುತ್ತೇನೆ. ತಪ್ಪಿದ್ದ ಕಡೆ ಸ್ಫೂರ್ತಿ ಆಗಲೇ ತಿದ್ದಿಕೊಟ್ಟಿದ್ದಾಳೆ, ಯಾಕೆ ಅಂತ ಕೇಳಲಿಲ್ಲ.

ದೀದೀ, ಮೈಂ ದಿಲ್ಲೀ ಸೇ ಬೋಲ್ ರಹೀ ಹೂಂ. ಫೋನ್ ಆಪ್‌ಕಾ ಆದ್ಮೀ ನಹೀಂ ಕರ್ತಾ ಥಾ. ಮೈಂ ಕರ್ತೀ ಥೀ. ಆಪ್ ಭಾಯೀ ಕೇ ಸಾಥ್ ಜಾಇಏ.

ಯಾರು ನೀನು ಅಂತ ಕೇಳುತ್ತಾಳೆ. ಕೇಳೇ ಕೇಳುತ್ತಾಳೆ. ಇವರ ಹೆಸರು ಹೇಳದೆ ಆಗುವುದಿಲ್ಲ. ಅದಕ್ಕೆ —

ಮೈಂ ಗೋಪಾ...