ಉಪಕಾರದಿಂದ ಮುಚ್ಚಿದ ದೂರು

ಮಾರ್ಚ್ 4, ಬೆಳಿಗ್ಗೆ

…ಹಾಗಲ್ಲ, ನಿನ್ನೆ ಅರ್ಧಕ್ಕೆ ಬಿಟ್ಟದ್ದು ಅಂಗಡಿಯವನ ಮಾತು. ಹಳೇದು ಕೆಟ್ಟಿತು ಅಂತ ಭಾವಮೈದ ಹೊಸ ಕಂಪ್ಯೂಟರ್ ಕೊಂಡ. ತೀರಿಹೋದ ನನ್ನ ಹೆಂಡತಿ ಬರೆದ ಪ್ರೋಗ್ರಾಂ ಹಾಕೋಣ ಅಂದರೆ ಅದು ಒಳಗೇ ಬಿಟ್ಟುಕೊಳ್ಳಲ್ಲ. ಕಂಪನಿ ಒಪ್ಪಿದ್ದು ಮಾತ್ರವಂತೆ.

"ಕೊಂಡವನು ಇವನು, ಬೀಗದ ಕೈ ನಿಮ್ಮ ಹತ್ರಾನಾ?" ಅಂದೆ.

"ಸೇಫ್ಟಿ ಸಾರ್."

ಭಾವಮೈದನಿಗೆ ಕಣ್ಣು ಕಾಣಲ್ಲ. ತಮ್ಮನಿಗೋಸ್ಕರ ಹನ್ನೊಂದು ವರ್ಷ ಕೂತು ಬರೆದಳು. ಪರದೆ ಮೇಲಿನದ್ದೆಲ್ಲ ಗಟ್ಟಿಯಾಗಿ ಓದುತ್ತೆ. ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟಳು. ಅದನ್ನ ನಂಬಿಯೇ ಇವನ ಟೈಪಿಂಗ್ ಕೆಲಸ. ಕಂಪನಿಯದ್ದೂ ಒಂದಿದೆ — ಒತ್ತಕ್ಷರ ಎಲ್ಲ ನುಂಗುತ್ತೆ, ಹಲ್ಲು ಕಟ್ಟಿಸದ ಮುದುಕನ ಹಾಗೆ. ನನ್ನ ಹಾಗೆ.

ಮಾರ್ಚ್ 5

ಮಗಳು ವಕೀಲೆಯಲ್ಲವೆ, ಮಾವನ ಹೆಸರಲ್ಲಿ ದೂರು ಹಾಕಿದಳು. ಇಪ್ಪತ್ತಕ್ಕೆ ವಿಚಾರಣೆ. ಗೆದ್ದರೆ ರೂಲ್ ಬರುತ್ತಂತೆ: ಕೊಂಡವರು ಬೇಕಾದ ಪ್ರೋಗ್ರಾಂ ಹಾಕ್ಕೋಬಹುದು. ಎಲ್ಲರೂ.

"ಅಲ್ಲೀತನಕ?"

"ಕಾಯೋದಪ್ಪಾ."

ಹೇಳೋರಿಗೇನು.

ಮಾರ್ಚ್ 9, ಸಂಜೆ ಐದು

ಭಾವಮೈದನಿಗೆ ಕೊಟ್ಟುಬಿಟ್ಟೆ. ನನ್ನ ಹಳೇ ಕಂಪ್ಯೂಟರ್, ಬೀಗವಿಲ್ಲದ ಕಾಲದ್ದು. ಅದರಲ್ಲಿರೋ ಪ್ರೋಗ್ರಾಮಿನ ಸಾಲುಗಳ ನಡುವೆ ಅವಳು ಟಿಪ್ಪಣಿ ಬರೆದಿದ್ದಾಳೆ. "ಇಲ್ಲಿಗೆ ಬರುವಾಗ ಅವರು ಹಾಲು ಉಕ್ಕಿಸಿದರು, ಆದ್ದರಿಂದ ತಪ್ಪಿರಬಹುದು." ಅವರು ಅಂದರೆ ನಾನೇ. ದಿನಾ ಎರಡು ಓದ್ತಿದ್ದೆ, ಮುಗಿದುಹೋಗದಿರಲಿ ಅಂತ. ಕಾಪಿ ತೆಗೆಸಬಹುದಿತ್ತೇನೋ. ಕೇಳೋಕೆ ನಾಚಿಕೆ.

ಸ್ಯಾಕ್ರಿಫೈಸ್. ನಿದ್ದೆ ಚೆನ್ನಾಗಿ ಬರಬಹುದು ಇವತ್ತು.

ಮಾರ್ಚ್ 13

ಎಡವಟ್ಟು. ದೂರು ಕೊಟ್ಟ ಕಚೇರಿಯಿಂದ ಭಾವಮೈದನಿಗೆ ಫೋನ್, ತೊಂದರೆ ಈಗಲೂ ಇದೆಯಾ ಅಂತ. ಇವನು ಹಿಗ್ಗಿ ಹೀರೇಕಾಯಿಯಾಗಿ, "ಇಲ್ಲ ಸಾರ್, ನಮ್ಮ ಭಾವ ಅವರದ್ದೇ ಕೊಟ್ಟರು!"

ದೂರು ಮುಕ್ತಾಯ. ಸಹಿ, ಮೊಹರು.

ಮಗಳು ಉರಿದುಬಿದ್ದಳು. "ಕಣ್ಣು ಕಾಣದವರಿಗೆಲ್ಲ ಒಬ್ಬೊಬ್ಬ ಭಾವ ಇರ್ತಾನೇನಪ್ಪಾ?"

ಕಂಪ್ಯೂಟರ್ ವಾಪಸ್ ತಂದು, ತೊಂದರೆ ಇದೆ ಅಂತ ಬರೆದುಕೊಟ್ಟರೆ ದೂರು ಮತ್ತೆ ತೆರೀತಾರಂತೆ. ಡೈಲೆಮಾ. ಅದಕ್ಕೆ ಎರಡು ಕೊಂಬು ಅಂತ ಇಂಗ್ಲಿಷ್ ಮೇಷ್ಟ್ರು ಹೇಳ್ತಿದ್ರು. ಯಾವ ಪ್ರಾಣಿ ಅಂತ ಆವತ್ತೂ ತಿಳೀಲಿಲ್ಲ.

ಮಾರ್ಚ್ 16

ಭಾವಮೈದನ ಮನೇಲಿ ಖಾಲಿ ಚೀಲ ತೊಡೆ ಮೇಲಿಟ್ಕೊಂಡು ಕೂತಿದ್ದೆ.

"ಒಯ್ಯೋಕೆ ಬಂದ್ರಾ ಭಾವ? ಚೀಲದ ಜಿಪ್ ಮೂರು ಸಲ ಎಳೆದ್ರಿ." ವೈರನ್ನ ಆಗಲೇ ಸುತ್ತಿಟ್ಟಿದ್ದ.

"ಟೈಪಿಂಗು?"

"ರಜೆ ಹಾಕಿದೀನಿ."

"ನಿನ್ನ ಕುರ್ಚೀಲಿ ಇನ್ನೊಬ್ಬನ್ನ ಕೂರಿಸಿದರೆ?"

"ಕೂರಿಸಿದರೆ ಕೂರಿಸಲಿ. ದೊಡ್ಡ ಮನುಷ್ಯ ನೀವೊಬ್ಬರೇ ಆಗಬೇಕಾ?"

ಮಾರ್ಚ್ 18, ಸಂಜೆ

ದೂರು ತೆರೆದರು. ಕಂಪ್ಯೂಟರ್ ಮೇಜಿನ ಮೇಲಿದೆ. ಮುಟ್ಟಿಲ್ಲ. ಟಿಪ್ಪಣಿ ಓದೋಣ ಅಂದರೆ ಕೈ ಏಳಲ್ಲ.

ಅವನ ಆಫೀಸಿನವರು ಮತ್ತೊಬ್ಬನ್ನ ಹುಡುಕ್ತಿದಾರಂತೆ. ನಾನೇ ಹೋಗಿ ಕಾಗದ ಓದಿ ಹೇಳ್ತೀನಿ, ಅವನು ಟೈಪ್ ಮಾಡಲಿ ಅಂದೆ. ಮಗಳು ಫೋನಲ್ಲೇ ಕೈ ಮುಗಿದಳು. "ಬೇಡಪ್ಪಾ, ಅದನ್ನೂ ಪರಿಹಾರ ಅಂತ ಬರ್ಕೊಂಡುಬಿಡ್ತಾರೆ."

ಹಾಗಾದರೆ ಏನೂ ಮಾಡದೆ ಇರೋದೇ ಸಹಾಯವಾ? ನಾನು ಕೊಟ್ಟದ್ದು ತಪ್ಪೋ, ತಂದದ್ದು ತಪ್ಪೋ… ರೂಲ್ ಬರೋದರೊಳಗೆ ಕೆಲಸ ಹೋದರೆ ಆ ರೂಲ್ ಅವನಿಗೆ ಯಾಕೆ? ಬರದೇ ಹೋದರೆ ಉಳಿದವರಿಗೆ ಯಾರು?

ಚಪ್ಪಲಿ ಹಾಕ್ಕೊಂಡೆ. ಬಿಚ್ಚಿದೆ. ಮತ್ತೆ ಹಾಕ್ಕೊಂಡೆ. ಓದೋಕಲ್ಲ, ಸುಮ್ಮನೆ ಅವನ ಪಕ್ಕದಲ್ಲಿ ಕೂತು ಬರೋಕೆ ಅಡ್ಡಿ ಇಲ್ಲವಲ್ಲ. ಇದೆಯಾ? ಮಗಳನ್ನ ಕೇಳಬೇಕಾ? ಅಕ್ಷರದ ಮೇಲೆ ಅಕ್ಷರ ಬೀಳ್ತಿದೆ — ಓ, ಬೆಳಕು ಹೋಗ್ತಾ ಇದೆ, ಈಗಲೇ ಹೊರಟರೆ ಕತ್ತಲಾಗೋದರೊಳಗೆ ಅವನ ಮನೆ…