ಗಂಧ ಮೆತ್ತಿದ ಹಾರ್ಡ್ ಡ್ರೈವ್

ಜೊತೆಗಾರ ಸೀನ,

ನೀನು ಹೋಗಿ ಆರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಬೈಯಬೇಡ. ಅಥವಾ ಬೈದುಬಿಡು, ನಿನ್ನ ದನಿಯನ್ನು ಹುಡುಕಿಕೊಂಡೇ ಈ ಎರಡು ವಾರ ಕಳೆದಿದ್ದೇನೆ.

ಮಾನ್ಮತ್ ಜಂಕ್ಷನ್ನಿನ ನಿನ್ನ ಮನೆಯ ಬೇಸ್‌ಮೆಂಟು ನೆನಪಿದೆಯಲ್ಲ? ಹನ್ನೆರಡು ವರ್ಷ, ತಿಂಗಳಿಗೊಂದು ಭಾನುವಾರ, ಅಲ್ಲಿ ಹಾಸ್ಯದ ವಿಡಿಯೊ ಮಾಡಿ ಈ ಪರದೇಶದ ನಮ್ಮ ಕನ್ನಡ ಕೂಟದ ಹಬ್ಬಗಳಲ್ಲಿ ಒಮ್ಮೆ ತೋರಿಸಿ ಮರೆತುಬಿಡುತ್ತಿದ್ದೆವು. ಮರೆಯುತ್ತಿದ್ದವನು ನಾನು. ನೀನು ಅಷ್ಟನ್ನೂ ಒಂದೇ ಹಾರ್ಡ್ ಡ್ರೈವಿಗೆ ತುಂಬಿಟ್ಟೆ. "ಕ್ಲೌಡ್ ಬೇಡ ಕಣೋ, ಕೈಯಲ್ಲಿರೋದೇ ನಮ್ದು" ಅಂದೆ. "ಮೋಡ ಕಂಡ್ರೆ ಕೊಡೆ ಬಿಚ್ಚೋ ಆಸಾಮಿ ನೀನು" ಎಂದು ನಾನು ಹಂಗಿಸಿದೆ. ನೀನೂ ಒಂದು ಕಾಪಿ ಮಾಡಿಟ್ಟುಕೋ ಅಂತ ಎಷ್ಟು ಸಲ ಹೇಳಿದ್ದೆಯೋ...

ಸೆಪ್ಟೆಂಬರಿನಲ್ಲಿ ನಿನ್ನ ಮಗಳು ಅದಿತಿ ಆ ಡ್ರೈವನ್ನು ತಂದು ನನ್ನ ಕೈಗಿಟ್ಟಳು. "ಅಪ್ಪನ ವಾಯ್ಸ್ ಬೇಕು ಅಂಕಲ್. ನನ್ನ ಫೋನಲ್ಲಿ ಬರೀ ಅವರ ಥಂಬ್ಸ್ ಅಪ್ ಮೆಸೇಜ್ ಇದೆ." ಆರು ತಿಂಗಳಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. "ವೀಕೆಂಡಿಗೆ ಕೊಡ್ತೀನಿ ಪುಟ್ಟಿ" ಎಂದೆ. ಯಾವ ವೀಕೆಂಡು ಅಂತ ಹೇಳಿರಲಿಲ್ಲ, ನೋಡು. ಅಷ್ಟು ಜಾಣ ನಾನು.

ಆಯುಧಪೂಜೆ ಬಂತು. ಪ್ರತಿ ವರ್ಷ ಲ್ಯಾಪ್‌ಟಾಪು, ಕ್ಯಾಮೆರಾ, ಕೊನೆಗೆ ತರಗೆಲೆ ಊದುವ ಮಷೀನಿಗೂ ಗಂಧ-ಕುಂಕುಮ ಹಚ್ಚುತ್ತಿದ್ದವನು ನೀನು. ಪಕ್ಕದಲ್ಲಿ ನಿಂತು "ವೈರಸ್‌ಗೂ ಮಡಿ ಹೇಳಿಕೊಡ್ತೀಯೇನೋ" ಎಂದು ಗೇಲಿ ಮಾಡುತ್ತಿದ್ದವನು ನಾನು. ಈ ಸಲ ನಿಮ್ಮ ಮನೆಯಲ್ಲಿ ಹಬ್ಬವಿಲ್ಲ. ವರ್ಷ ತುಂಬುವವರೆಗೆ ಇಲ್ಲ. ನಿನ್ನ ಡ್ರೈವು ಬರಿ ಹಣೆಯಲ್ಲಿರುವುದು ಬೇಡವೆನಿಸಿತು. ಗಂಧ ತೇದೆ, ನೀರು ಜಾಸ್ತಿಯಾಯಿತು, ಆದರೂ ಧಾರಾಳವಾಗಿ ಬಳಿದೆ. ಅದು ಇಳಿದು ವೈರ್ ಸಿಕ್ಕಿಸುವ ಕಿಂಡಿಯೊಳಗೆ ಹೋದದ್ದು, ಮೂವತ್ತು ವರ್ಷ ಕಂಪ್ಯೂಟರಿನಿಂದಲೇ ಅನ್ನ ತಿಂದವನಿಗೆ ಕಾಣಬೇಡವೇ?

ಮಾರನೆಯ ದಿನ ಸಿಕ್ಕಿಸಿದೆ. ಡ್ರೈವಿನ ದೀಪ ಹತ್ತಿತು. ಕಂಪ್ಯೂಟರು ಮಾತ್ರ ಈ ವಸ್ತುವಿನ ಗುರುತೇ ಸಿಗುತ್ತಿಲ್ಲ ಎಂದಿತು. ವೈರ್ ಬದಲಿಸಿದೆ, ರೀಸ್ಟಾರ್ಟ್ ಮಾಡಿದೆ, ಬೇರೆ ಪೋರ್ಟಿಗೆ ಹಾಕಿದೆ. ಪೋರ್ಟಿಗೆ ಕನ್ನಡದಲ್ಲಿ ಬಂದರು ಅಂತಾರೆ. ಯಾರೋ ಬಂದರು ಅನ್ನುವ ಹಾಗಿರಲಿಲ್ಲ. ಇದನ್ನು ಖಾಲಿ ಕೋಣೆಗೆ ಗಟ್ಟಿಯಾಗಿ ಹೇಳಿದೆ ಕಣೋ. ನಗಲು ನೀನಿರಲಿಲ್ಲ. ಜೋಕು ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಆಗ ಗೊತ್ತಾಯಿತು. ಇಷ್ಟು ವರ್ಷವೂ ಹೀಗೇ ಇತ್ತೇನೋ?

ಎಡಿಸನ್ನಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಹುಬ್ಬಳ್ಳಿ ಕಡೆಯವನು. ಕಿಂಡಿಗೆ ಟಾರ್ಚು ಬಿಟ್ಟು, "ಏನ್ರೀ ಸರ, ಇದಕ್ಕ ನಾಮ ಹಾಕೀರೇನು?" ಎಂದ.

"ಪೂಜೆ ಮಾಡಿದ್ದೆ" ಎಂದೆ.

"ದೇವರು ಒಳಗ ಹೊಕ್ಕಾನ, ಡೇಟಾ ಹೊರಗ ಬರವಲ್ದು ನೋಡ್ರಿ."

ಡ್ರೈವಿನ ಡಬ್ಬಿ ಬಿಚ್ಚಿ, ಒಳಗಿನ ಡಿಸ್ಕನ್ನಷ್ಟೇ ತೆಗೆದು, ಹೊಸ ಡಬ್ಬಿಗೆ ಕೂರಿಸಿ ಸಿಕ್ಕಿಸಿದ. "ಡಿಸ್ಕ್ ಗಟ್ಟಿ ಐತ್ರಿ ಸರ. ಬಾಗಲಾ ಅಷ್ಟ ಕೆಟ್ಟಿತ್ತು." ಫೈಲುಗಳೆಲ್ಲ ತೆರೆದುಕೊಂಡವು.

ಸೀದಾ ಅದಿತಿಯ ಬಳಿಗೆ ಹೋದೆ. ಇಬ್ಬರೂ ಕೂತು ನೋಡಿದೆವು. ನಾನು. ಮತ್ತೆ ನಾನು. ಕೂದಲಿರುವ ನಾನು, ಕೂದಲಿಲ್ಲದ ನಾನು. ಕ್ಯಾಮೆರಾದ ಹಿಂದೆ ಇದ್ದವನು ನೀನಲ್ಲವೇ? ನಿನ್ನ ದನಿ ಅಂದರೆ "ರೆಡಿ", "ಸ್ವಲ್ಪ ಬಲಕ್ಕೆ ಬಾರೋ", ಆಮೇಲೆ ನಗು. ಆ ನಗುವಿನ ಹೆಗಲ ಮೇಲೂ ನನ್ನ ಮುಂದಿನ ಮಾತು ಹತ್ತಿ ಕೂತಿದೆ.

"ಅಂಕಲ್, ಯು ನೆವರ್ ಲೆಟ್ ಹಿಮ್ ಫಿನಿಶ್" ಎಂದಳು ನಿನ್ನ ಮಗಳು, ನಡುವೆ ಬಾಯಿ ಹಾಕುವ ನನ್ನ ಚಾಳಿಯನ್ನು ನೋಡಿ ನೋಡಿ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ದಿನಾ ಕೂತು ಆ ವಿಡಿಯೊಗಳಿಂದ ನನ್ನನ್ನು ಕತ್ತರಿಸಿ ತೆಗೆಯುತ್ತಿದ್ದೇನೆ. ನೀನೊಬ್ಬನೇ ಉಳಿದದ್ದು ಇದುವರೆಗೆ ಒಂಬತ್ತು ನಿಮಿಷ. ಎಷ್ಟಾದರೆ ಅಷ್ಟು, ಅದು ಅವಳದು. ನಿನ್ನೆ ಒಂದು ಫೈಲು ಸಿಕ್ಕಿತು. "ರಘು, ಒಂದ್ನಿಮಿಷ ಇರೋ, ನಾನೂ ಒಂದು ಜೋಕ್ ಹೇಳ್ಲಾ?" ಅಂತೀಯ. ಎಂಥ ಸಂಕೋಚವೋ ಆ ದನಿಯಲ್ಲಿ! ನಾನು ಕೈ ಬೀಸಿ, "ಆಮೇಲೆ ಹೇಳೋ, ಮೂಡ್ ಹೋಗತ್ತೆ" ಅಂತೀನಿ.

ಆಮೇಲಿನ ಫೈಲುಗಳನ್ನೆಲ್ಲ ತೆಗೆದು ನೋಡಿದೆ ಸೀನ. ನೀನು ಮತ್ತೆ ಕೇಳಲೇ ಇಲ್ಲ.

ರಘು